ಬಿತ್ತಿದ ಕಾಳಿಗೆ ಗೂಟ ಬೇಡ

ಮಗನನ್ನು ಕಾಲೇಜಿಗೆ ಕಳುಹಿಸುವ ದಿನ ಹಳ್ಳಿಯ ತಂದೆಯ ಮನಸ್ಸಿನಲ್ಲಿ ಎರಡು ಭಾವಗಳು ಒಟ್ಟಿಗೇ ಮೂಡುತ್ತವೆ. ಹುಡುಗ ಓದಿ ಮೇಲಕ್ಕೆ ಬರುವನೆಂಬ ಹಿಗ್ಗು ಒಂದು. ಓದು ಮುಗಿದ ಮೇಲೆ ಈ ಮನೆಗೆ ಅವನು ನೆಂಟನಂತೆ ಬಂದು ಹೋಗುವನೆಂಬ ಅಳುಕು ಇನ್ನೊಂದು. ಹಿಗ್ಗನ್ನು ಆತ ಊರಿಗೆಲ್ಲ ಹೇಳಿಕೊಳ್ಳುತ್ತಾನೆ. ಅಳುಕನ್ನು ಹೆಂಡತಿಯ ಮುಂದೆಯೂ ಆಡುವುದಿಲ್ಲ. ಇಂದು ನಗರಗಳಲ್ಲಿ ನೆಲೆಸಿರುವ ಎಷ್ಟೋ ಮನೆತನಗಳ ಚರಿತ್ರೆ ಇಂಥದೊಂದು ಬೀಳ್ಕೊಡುಗೆಯಿಂದಲೇ ಆರಂಭವಾಗುತ್ತದೆ. ಅಜ್ಜ ಬಿಟ್ಟುಬಂದ ಊರು ಮೊಮ್ಮಗನ ಹೆಸರಿನ ಮುಂದೆ ಒಂದು ಅಕ್ಷರವಾಗಿ ಉಳಿದಿರುತ್ತದೆ. ಆ ಅಕ್ಷರ ಯಾವ ಊರಿನದೆಂದು ಯಾರಾದರೂ ಕೇಳಿದರೆ ಹುಡುಗ ತಾಯಿಯ ಮುಖ ನೋಡುತ್ತಾನೆ.

ಇದರಲ್ಲಿ ತಂದೆಯ ತಪ್ಪಿಲ್ಲ, ಮಗನ ತಪ್ಪೂ ಇಲ್ಲ. ವಿದ್ಯೆಯ ಮೆಟ್ಟಿಲುಗಳನ್ನು ಕಟ್ಟಿರುವ ರೀತಿಯೇ ಹಾಗೆ. ಹಳ್ಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ರಾಜಧಾನಿ. ಒಂದೊಂದು ಪರೀಕ್ಷೆ ಮುಗಿದಂತೆಲ್ಲ ಹುಡುಗ ಹುಟ್ಟಿದ ನೆಲದಿಂದ ಒಂದೊಂದು ಹೆಜ್ಜೆ ದೂರವಾಗುತ್ತಾನೆ. ಕೊನೆಯ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವನು ಎಲ್ಲರಿಗಿಂತ ದೂರ ಹೋಗಿರುತ್ತಾನೆ. ಹೀಗೆ ತನ್ನ ಮಕ್ಕಳಲ್ಲಿ ಚುರುಕಾದವರನ್ನು ವರ್ಷವರ್ಷವೂ ಹೊರಗೆ ಕಳುಹಿಸುತ್ತ ಬಂದ ಹಳ್ಳಿ ಬಡವಾದರೆ ಆಶ್ಚರ್ಯವೇನು? ಹಣದ ಬಡತನಕ್ಕೆ ಸಾಲವಾದರೂ ಸಿಕ್ಕೀತು. ಯೋಚಿಸಿ ಮುಂದೆ ನಿಲ್ಲುವ ಜನರ ಬಡತನಕ್ಕೆ ಯಾವ ಬ್ಯಾಂಕಿನಲ್ಲಿಯೂ ಸಾಲ ದೊರೆಯದು.

ಹಾಗಾದರೆ ಹಳ್ಳಿಯ ತರುಣನನ್ನು ಕರೆದು, ಕಲಿಸಿ, ಮರಳಿ ಅವನ ಹೊಲಕ್ಕೇ ಕಳುಹಿಸುವ ಕಾಲೇಜು ಸಾಧ್ಯವೇ? ಕಳುಹಿಸಿದರೂ ಅಲ್ಲಿ ಅವನಿಗೆ ಅನ್ನ ಹುಟ್ಟೀತೇ? ಈ ಪ್ರಶ್ನೆಯನ್ನು ಸುಮಾರು 180 ವರ್ಷಗಳ ಹಿಂದೆಯೇ ಎತ್ತಿಕೊಂಡು, ಬಹುಮಟ್ಟಿಗೆ ಉತ್ತರವನ್ನೂ ಕಂಡುಕೊಂಡ ಪುಟ್ಟ ದೇಶವೊಂದಿದೆ. ಅದು ಯೂರೋಪಿನ ಉತ್ತರ ಭಾಗದಲ್ಲಿರುವ ಡೆನ್ಮಾರ್ಕ್. ಆ ದೇಶದ ಬೆಣ್ಣೆಯ ಕೀರ್ತಿಯನ್ನು ಹಿಂದಿನವರು ಕೇಳಿದ್ದರು. ಅಲ್ಲಿಯ ಗಾಳಿಯಂತ್ರಗಳ ಕೀರ್ತಿಯನ್ನು ಇಂದಿನವರು ಕೇಳುತ್ತಿದ್ದಾರೆ. ಈ ಎರಡು ಕೀರ್ತಿಗಳ ಹಿಂದೆಯೂ ಹಳ್ಳಿಯ ಕಾಲೇಜಿನ ಪಾತ್ರವಿದೆಯೆಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಪಾದ್ರಿಯ ಕನಸು

ಈ ಕಾಲೇಜಿನ ಕಲ್ಪನೆ ಮೊದಲು ಮೂಡಿದ್ದು ಗ್ರುಂಟ್ವಿಗ್ ಎಂಬ ಪಾದ್ರಿಯ ತಲೆಯಲ್ಲಿ. 1783ರಲ್ಲಿ ಹಳ್ಳಿಯೊಂದರ ಪಾದ್ರಿಯ ಮನೆಯಲ್ಲಿ ಹುಟ್ಟಿದ ಈತ ಕವಿಯೂ ಹೌದು, ಇತಿಹಾಸ ಪಂಡಿತನೂ ಹೌದು. ಆ ಕಾಲದ ಡೆನ್ಮಾರ್ಕಿನಲ್ಲಿ ಉನ್ನತ ವಿದ್ಯೆಯೆಂದರೆ ಲ್ಯಾಟಿನ್ ವಿದ್ಯೆ. ತಾಯಿನುಡಿಯಲ್ಲಿ ಚೆನ್ನಾಗಿ ಮಾತನಾಡಬಲ್ಲ ಹುಡುಗ ವರ್ಷಗಟ್ಟಲೆ ಲ್ಯಾಟಿನ್ ವ್ಯಾಕರಣವನ್ನು ಉರುಹಚ್ಚಿ, ಪರೀಕ್ಷೆಯಲ್ಲಿ ಅದನ್ನು ಒಪ್ಪಿಸಿ, ಅಧಿಕಾರಿಯೋ ಪಾದ್ರಿಯೋ ಆಗಿ ಹೊರಬೀಳುತ್ತಿದ್ದ. ಗ್ರುಂಟ್ವಿಗ್ ತಾನೂ ಈ ಗಾಣದಲ್ಲಿ ತಿರುಗಿದವನೇ. ಇಂಥ ಶಾಲೆಯನ್ನು ಆತ ಸಾವಿನ ಶಾಲೆಯೆಂದು ಕರೆದ. ಅದಕ್ಕೆದುರಾಗಿ ಬೇಕಾದದ್ದು ಜೀವನದ ಶಾಲೆಯೆಂದ. ‘ಓದಿ ಓದಿ ಮರುಳಾದ ಕೂಚಂಭಟ್ಟ’ ಎಂದು ನಮ್ಮ ಹಿರಿಯರು ನಗೆಯಾಡಿದ ವಿಷಯವನ್ನೇ ಆತ ಸಂಕಟದಿಂದ ಹೇಳಿದನೆನ್ನಬಹುದು.

ಅವನ ಸಂಕಟಕ್ಕೆ ಕಾರಣವಿತ್ತು. 1788ರಲ್ಲಿ ಡೆನ್ಮಾರ್ಕಿನ ರೈತರನ್ನು ಜಮೀನುದಾರರ ನೆಲಕ್ಕೆ ಕಟ್ಟಿಹಾಕಿದ್ದ ಕಾನೂನು ರದ್ದಾಗಿ, ಕ್ರಮೇಣ ಬಹುಮಂದಿ ರೈತರು ಸ್ವಂತ ಹೊಲದ ಒಡೆಯರಾದರು. 1814ರ ಕಾನೂನಿನಿಂದ ಹಳ್ಳಿಯ ಮಕ್ಕಳಿಗೆಲ್ಲ ಓದುಬರಹ ದೊರೆಯಿತು. 1830ರ ದಶಕದಲ್ಲಿ ದೊರೆಗೆ ಸಲಹೆ ನೀಡುವ ಸಭೆಗಳಲ್ಲಿ ರೈತರಿಗೂ ಸ್ಥಾನ ಸಿಕ್ಕಿತು. ಸ್ಥಾನವೇನೋ ಸಿಕ್ಕಿತು, ಮಾತು ಸಿಗಬೇಕಲ್ಲ! ತಲೆಮಾರುಗಳ ಕಾಲ ಟೋಪಿ ಕೈಯಲ್ಲಿ ಹಿಡಿದು ನಿಂತವನಿಗೆ ವಕೀಲರ, ಅಧಿಕಾರಿಗಳ ನಡುವೆ ಕುಳಿತು ತನ್ನ ಊರಿನ ಕಷ್ಟವನ್ನು ನಿರರ್ಗಳವಾಗಿ ಹೇಳುವುದು ಸುಲಭವೇ? ರೈತನ ನಾಲಗೆ ಬಿಡಿಸಬೇಕು, ತಾನು ಯಾರೆಂಬ ಅರಿವನ್ನು ಅವನಿಗೆ ಕೊಡಬೇಕು. ಅದೂ ಅವನ ಸ್ವಂತ ಭಾಷೆಯಲ್ಲೇ ಆಗಬೇಕು. ಗ್ರುಂಟ್ವಿಗ್‌ನ ಕಾಲೇಜಿನ ಉದ್ದೇಶ ಇಷ್ಟೇ.

ಆತ ಇಂಗ್ಲೆಂಡಿಗೆ ಹೋಗಿದ್ದಾಗ ಕೇಂಬ್ರಿಜ್‌ನಲ್ಲಿ ಗುರುಶಿಷ್ಯರು ಒಂದೇ ಆವರಣದಲ್ಲಿ ಬಾಳುವುದನ್ನು ಕಂಡು ಮೆಚ್ಚಿದ್ದ. ಪುಸ್ತಕಕ್ಕಿಂತ ಬಾಯಿಮಾತೇ ಮನಸ್ಸನ್ನು ಬೇಗ ಎಚ್ಚರಿಸುವುದೆಂಬುದು ಅವನ ದೃಢವಾದ ನಂಬಿಕೆ. ಪರೀಕ್ಷೆ ಇರಬಾರದು, ಪದವಿ ಇರಬಾರದು. ಒಂದೇ ಛಾವಣಿಯ ಕೆಳಗೆ ಇದ್ದು ಉಂಡು ಮಾತನಾಡಿ ಹಾಡಿ ಕಲಿಯಬೇಕು. ಡೇನರ ಭಾಷೆಯಲ್ಲಿ ಇದಕ್ಕೆ ಜನರ ಹೈಸ್ಕೂಲೆಂಬ ಅರ್ಥದ ಹೆಸರು ಬಂದಿತು. ಹೆಸರಿನಲ್ಲಿ ಹೈಸ್ಕೂಲಿದ್ದರೂ ಬರುವವರು ಹದಿನೆಂಟರ ಆಸುಪಾಸಿನ, ಇಲ್ಲವೇ ಅದನ್ನು ಮೀರಿದ ತರುಣರಾದ್ದರಿಂದ, ಇದರ ಮಾದರಿಯಲ್ಲಿ ಭಾರತದಲ್ಲಿ ತೆರೆದ ಸಂಸ್ಥೆಗಳನ್ನು ‘ಜನತಾ ಕಾಲೇಜು’ ಎಂದು ಕರೆದರು. ಆ ಹೆಸರೇ ಇಲ್ಲಿಯೂ ಒಪ್ಪುತ್ತದೆ.

ವಿಶೇಷವೆಂದರೆ, ಗ್ರುಂಟ್ವಿಗ್ ತಾನಾಗಿ ಒಂದು ಕಾಲೇಜನ್ನೂ ತೆರೆಯಲಿಲ್ಲ. ಮೊದಲನೆಯದು 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಆರಂಭವಾಯಿತು. ಆದರೆ ಆ ಕನಸು ರೈತನ ಜಗಲಿಗೆ ಇಳಿದುಬರಲು ಬೇರೊಬ್ಬನು ಬೇಕಾಯಿತು.

ಚಮ್ಮಾರನ ಮಗ

ಆತನ ಹೆಸರು ಕ್ರಿಸ್ಟನ್ ಕೋಲ್ಡ್. ಜೋಡು ಹೊಲಿಯುವವನ ಮಗ. ಮಿಷನರಿಯೊಬ್ಬನ ಜೊತೆ ತುರ್ಕಿಯ ಸ್ಮರ್ನಾ ಪಟ್ಟಣಕ್ಕೆ ಹೋಗಿ ಕೆಲವು ವರ್ಷ ಇದ್ದು, ಅಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಸಬು ಕಲಿತು, ಇಟಲಿಯ ಕಡಲಂಚಿನ ಟ್ರಿಯೆಸ್ಟಿನವರೆಗೆ ಹಡಗಿನಲ್ಲಿ ಬಂದ. ಅಲ್ಲಿಂದ ಡೆನ್ಮಾರ್ಕಿನವರೆಗಿನ ಹಾದಿಯನ್ನು ಸಾಮಾನಿನ ಕೈಗಾಡಿಯೊಂದನ್ನು ಎಳೆದುಕೊಂಡು ನಡೆದೇ ಮುಗಿಸಿದ! ‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಮಾತನ್ನು ಅವನಷ್ಟು ಅಕ್ಷರಶಃ ಪಾಲಿಸಿದವರು ವಿರಳ. ಗ್ರುಂಟ್ವಿಗ್‌ನ ಬಳಿ ಹೋಗಿ, ಹಣ ಕೂಡಿಸಲು ಅವನ ನೆರವು ಪಡೆದು, 1851ರಲ್ಲಿ ಫ್ಯೂನ್ ದ್ವೀಪದ ರಿಸ್ಲಿಂಗೆ ಎಂಬ ಹಳ್ಳಿಯಲ್ಲಿ ಹದಿನೈದು ಮಂದಿ ರೈತ ತರುಣರೊಂದಿಗೆ ಕಾಲೇಜು ತೆರೆದ. ಕಾಲೇಜೆಂದರೆ ಹುಲ್ಲು ಹೊದಿಸಿದ ಒಂದು ಮನೆ. ರೈತರ ಮನೆಯಲ್ಲಿ ಬೇಯುವ ಅಡುಗೆಯೇ ಅಲ್ಲಿಯೂ ಬೇಯುತ್ತಿತ್ತು; ಗುರುವೂ ಶಿಷ್ಯರೂ ಅದನ್ನೇ ಉಣ್ಣುತ್ತಿದ್ದರು. ಇಲ್ಲಿಂದ ಮರಳಿದ ಹುಡುಗನಿಗೆ ತನ್ನ ಮನೆಯ ಊಟ ರುಚಿಸದಂತೆ ಆಗಬಾರದೆಂಬ ಎಚ್ಚರಿಕೆ ಅದರಲ್ಲಿತ್ತು.

ಮುಂದೆ ಊರೂರುಗಳಲ್ಲಿ ಎದ್ದ ಇಂಥ ಕಾಲೇಜುಗಳ ಪಂಚಾಂಗವನ್ನು ಹೊಲದ ಕೆಲಸವೇ ಗೊತ್ತುಮಾಡಿತು. ಹಿಮ ಬಿದ್ದು ನೇಗಿಲಿಗೆ ಬಿಡುವು ಸಿಕ್ಕುವ ನವೆಂಬರಿನಿಂದ ಮಾರ್ಚ್‌ವರೆಗೆ ಐದು ತಿಂಗಳು ಗಂಡುಹುಡುಗರಿಗೆ. ಬೇಸಗೆಯ ಮೂರು ತಿಂಗಳು ಹೆಣ್ಣುಮಕ್ಕಳಿಗೆ. ಒಂದು ಚಳಿಗಾಲ ಬಂದು ಹೋದರೆ ವ್ಯಾಸಂಗ ಮುಗಿಯಿತು. ದಿನವೂ ಹಾಡಿನಿಂದ ಆರಂಭ. ಆ ಬಳಿಕ ದೇಶದ ಇತಿಹಾಸ, ಪುರಾಣ ಕಥೆಗಳು, ಸಾಹಿತ್ಯ. ಅದರೊಡನೆ ಲೆಕ್ಕ, ಬರವಣಿಗೆ, ಜಮೀನಿನ ಅಳತೆ, ಅಂಗಸಾಧನೆ. ಸಂಜೆ ಚರ್ಚೆ. ಇಂಥ ವಿಷಯವನ್ನು ಕಲಿತೆನೆಂದು ತೋರಿಸಲು ಒಂದು ತುಂಡು ಕಾಗದವೂ ಇಲ್ಲ.

ಇದನ್ನು ಕಂಡು ವ್ಯವಹಾರಸ್ಥರು ಹುಬ್ಬೇರಿಸಿದ್ದು ಸಹಜ. ಐದು ತಿಂಗಳು ಮಗನ ದುಡಿಮೆ ಬಿಟ್ಟು, ಕೈಯಿಂದ ಹಣವನ್ನೂ ಕೊಟ್ಟು, ಪುರಾಣ ಕೇಳಿಸಿಕೊಂಡು ಬರಲು ಕಳುಹಿಸಬೇಕೆ? ಕೋಲ್ಡ್‌ನನ್ನು ಕುರಿತು ಅಲ್ಲಿಯವರು ಇಂದಿಗೂ ಹೇಳುವ ಕಥೆಯೊಂದು ಈ ಪ್ರಶ್ನೆಗೆ ಉತ್ತರದಂತಿದೆ. ಉಪನ್ಯಾಸ ಕೇಳುವಾಗ ಬಹಳ ಸಂತೋಷವಾಗುತ್ತದೆ, ಆದರೆ ಆಮೇಲೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲವೆಂದು ಶಿಷ್ಯನೊಬ್ಬ ಬಂದು ಹೇಳಿಕೊಂಡನಂತೆ. ನೀರು ಬಸಿದುಹೋಗಲು ಹೊಲದಡಿಯಲ್ಲಿ ಮಣ್ಣಿನ ಕೊಳವೆ ಹೂಳುವಾಗ, ಮತ್ತೆ ಹುಡುಕುವುದಕ್ಕಾಗಿ ಮೇಲೊಂದು ಗುರುತಿನ ಗೂಟ ನೆಡಬೇಕಾಗುತ್ತದೆ. ಕಾಳು ಬಿತ್ತಿದ ಕಡೆ ಗೂಟವೇಕೆ, ಅದು ತಾನಾಗಿ ಮೇಲೆ ಬರುತ್ತದೆ ಎಂಬರ್ಥದಲ್ಲಿ ಕೋಲ್ಡ್ ಅವನಿಗೆ ಸಮಾಧಾನ ಹೇಳಿದನಂತೆ. ಆ ಕಾಳು ಮೇಲೆ ಬಂತೇ? ಬಂದಿತು, ಆದರೆ ಯಾರೂ ನಿರೀಕ್ಷಿಸದ ಕಡೆ ಬಂದಿತು.

ಬೆಣ್ಣೆಯ ಕಥೆ

1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳೊಂದಿಗೆ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಸೋತು, ತನ್ನ ದಕ್ಷಿಣದ ಪ್ರಾಂತಗಳನ್ನೆಲ್ಲ ಕಳೆದುಕೊಂಡಿತು. ರಾಜ್ಯದ ಮೂರನೆಯ ಒಂದು ಭಾಗಕ್ಕೂ ಮಿಕ್ಕ ನೆಲ ಕೈಬಿಟ್ಟುಹೋಯಿತು. ಮೊದಲ ಜನತಾ ಕಾಲೇಜಿದ್ದ ರೋಡಿಂಗ್ ಕೂಡ ಶತ್ರುವಿನ ಪಾಲಾಯಿತು. ಅಲ್ಲಿಯ ಮುಖ್ಯೋಪಾಧ್ಯಾಯ ಲುಡ್ವಿಗ್ ಶ್ರೋಡರ್ ಹೊಸ ಗಡಿಯಿಂದ ಈಚೆಗೆ ಬಂದು, 1865ರಲ್ಲಿ ಅಸ್ಕೋವ್ ಎಂಬ ಹಳ್ಳಿಯಲ್ಲಿ ಕಾಲೇಜನ್ನು ಮತ್ತೆ ನಿಲ್ಲಿಸಿದ. ಸೋತ ದೇಶದ ಹಳ್ಳಿಹಳ್ಳಿಗಳಲ್ಲಿ, ಹೊರಗೆ ಕಳೆದುಕೊಂಡದ್ದನ್ನು ಒಳಗೇ ಗಳಿಸಬೇಕೆಂಬ ಛಲ ಹುಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹತ್ತಾರು ಜನತಾ ಕಾಲೇಜುಗಳು ಎದ್ದವು.

ಈ ಗಾಯ ಮಾಯುವ ಮುನ್ನವೇ ಇನ್ನೊಂದು ಪೆಟ್ಟು ಬಿದ್ದಿತು. ಡೆನ್ಮಾರ್ಕಿನ ರೈತ ಧಾನ್ಯ ಬೆಳೆದು ಮಾರುತ್ತಿದ್ದವನು. 1870ರ ದಶಕದಿಂದ ರೈಲು ಮತ್ತು ಉಗಿಹಡಗುಗಳ ನೆರವಿನಿಂದ ಅಮೆರಿಕದ, ರಷ್ಯದ ಅಗ್ಗದ ಧಾನ್ಯ ಯೂರೋಪಿನ ಪೇಟೆಗಳಿಗೆ ಸುರಿಯಿತು, ಬೆಲೆ ಕುಸಿಯಿತು. ಬೇರೆ ಕೆಲವು ದೇಶಗಳು ಸುಂಕದ ಗೋಡೆ ಕಟ್ಟಿ ರೈತನನ್ನು ಕಾಪಾಡಲು ಹೊರಟವು. ಡೆನ್ಮಾರ್ಕಿನ ರೈತ ಅಗ್ಗದ ಧಾನ್ಯವನ್ನೇ ಕೊಂಡು ದನಕ್ಕೂ ಹಂದಿಗೂ ತಿನ್ನಿಸಿ, ಬೆಣ್ಣೆ, ಮಾಂಸ, ಮೊಟ್ಟೆಗಳನ್ನು ಇಂಗ್ಲೆಂಡಿಗೆ ಮಾರತೊಡಗಿದ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಅವನ ಪಾಲಿಗೆ ಬೆಣ್ಣೆಯೇ ಆಯಿತು.

ಆದರೆ ಇಲ್ಲೊಂದು ತೊಡಕಿತ್ತು. ದೊಡ್ಡ ಜಮೀನುದಾರನ ಡೈರಿಯಲ್ಲಿ ನೂರಾರು ಹಸುಗಳು. ಅಲ್ಲಿಯ ಬೆಣ್ಣೆ ದಿನವೂ ಒಂದೇ ರುಚಿ, ಒಂದೇ ಬಣ್ಣ. ನಾಲ್ಕೈದು ಹಸುಗಳ ರೈತನ ಮನೆಯಲ್ಲಿ ಹೆಂಗಸರು ಕಡೆದ ಬೆಣ್ಣೆ ಒಂದು ದಿನ ಚೆನ್ನ, ಇನ್ನೊಂದು ದಿನ ಕಮಟು. ವ್ಯಾಪಾರಿ ಅದನ್ನು ‘ರೈತರ ಬೆಣ್ಣೆ’ ಎಂದು ಪ್ರತ್ಯೇಕವಾಗಿಟ್ಟು ಕಡಮೆ ಬೆಲೆಗೆ ಕೊಳ್ಳುತ್ತಿದ್ದ. 1878ರ ಹೊತ್ತಿಗೆ ಹಾಲಿನಿಂದ ಕೆನೆಯನ್ನು ಎಡೆಬಿಡದೆ ಬೇರ್ಪಡಿಸುವ ಯಂತ್ರ ಬಂದಿತು. ಯಂತ್ರಕ್ಕೆ ಹಣ ಬೇಕು. ಹಣಕ್ಕಿಂತ ಹೆಚ್ಚಾಗಿ, ಅದರ ಹೊಟ್ಟೆ ತುಂಬಿಸಲು ನೂರಾರು ಹಸುಗಳ ಹಾಲು ಬೇಕು. ಒಬ್ಬ ಸಣ್ಣ ರೈತನಿಂದ ಆಗುವ ಮಾತಲ್ಲ.

1882ರಲ್ಲಿ ಪಶ್ಚಿಮ ಜುಟ್ಲೆಂಡಿನ ಯೆಡ್ಡಿಂಗ್ ಎಂಬ ಬಡಹಳ್ಳಿಯ ರೈತರು ಈ ಗಂಟನ್ನು ಬಿಡಿಸಿದರು. ಎಲ್ಲರೂ ಸೇರಿ ಒಂದು ಡೈರಿ ಕಟ್ಟುವುದು. ಅದರ ಸಾಲಕ್ಕೆ ಎಲ್ಲರೂ ಒಟ್ಟಾಗಿ ಜಾಮೀನು ನಿಲ್ಲುವುದು. ಮನೆಯ ಖರ್ಚಿಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕ ಹಾಲನ್ನೆಲ್ಲ ಅಲ್ಲಿಗೇ ಹಾಕುವುದು. ಕೆನೆ ತೆಗೆದ ಹಾಲನ್ನು ಮನೆಗೆ ಒಯ್ಯುವುದು. ಲಾಭವನ್ನು ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳುವುದು. ಸಭೆಯಲ್ಲಿ ಮಾತ್ರ ಐವತ್ತು ಹಸುಗಳವನಿಗೂ ಒಂದೇ ಮತ, ಎರಡು ಹಸುಗಳವನಿಗೂ ಒಂದೇ ಮತ. ಎಂಟು ವರ್ಷ ಕಳೆಯುವುದರೊಳಗೆ ಇಂಥ ಡೈರಿಗಳ ಸಂಖ್ಯೆ ಸುಮಾರು 700ಕ್ಕೆ ಏರಿತು. ಶತಮಾನ ಮುಗಿಯುವಾಗ ಅದು ಸಾವಿರವನ್ನು ದಾಟಿತ್ತು. 1887ರಲ್ಲಿ ಹಂದಿಮಾಂಸದ ಸಹಕಾರಿ ಕಾರ್ಖಾನೆ, 1895ರಲ್ಲಿ ಮೊಟ್ಟೆ ರಫ್ತಿನ ಸಹಕಾರ ಸಂಘ ಹುಟ್ಟಿದವು. ಒಂದೊಂದು ಮೊಟ್ಟೆಯ ಮೇಲೂ ಅದನ್ನು ಹಾಕಿದ ಸದಸ್ಯನ ಸಂಖ್ಯೆಯ ಮುದ್ರೆ! ಲಂಡನ್ನಿನ ಗೃಹಿಣಿಗೆ ಕೆಟ್ಟ ಮೊಟ್ಟೆ ಸಿಕ್ಕಿದರೆ ಡೆನ್ಮಾರ್ಕಿನ ಯಾವ ಹಟ್ಟಿಯಿಂದ ಅದು ಬಂದಿತೆಂದು ಪತ್ತೆಹಚ್ಚಬಹುದಿತ್ತು.

ನಂಬಿಕೆಯೆಂಬ ಬಂಡವಾಳ

ಇದರಲ್ಲಿ ಜನತಾ ಕಾಲೇಜಿನ ಪಾತ್ರವೇನು? ಅಲ್ಲಿ ಬೆಣ್ಣೆ ತೆಗೆಯುವುದನ್ನು ಪ್ರಧಾನವಾಗಿ ಕಲಿಸುತ್ತಿರಲಿಲ್ಲ. ಅದಕ್ಕೆ ಬೇರೆ ಕೃಷಿಶಾಲೆಗಳಿದ್ದವು, ಡೈರಿಗಳಲ್ಲಿ ಪಳಗಿದ ಕುಶಲಿಗಳಿದ್ದರು. ದೊಡ್ಡ ಜಮೀನುದಾರರ ಡೈರಿಗಳು ಮೊದಲೇ ದಾರಿ ಮಾಡಿಕೊಟ್ಟಿದ್ದವೆಂದೂ, ಕಾಲೇಜುಗಳಿಗೆ ಇಷ್ಟೊಂದು ಹೊಗಳಿಕೆ ಸಲ್ಲದೆಂದೂ ವಾದಿಸುವ ಇತಿಹಾಸಕಾರರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಯಂತ್ರವನ್ನು ಕಾಲೇಜು ಕಂಡುಹಿಡಿಯಲಿಲ್ಲ. ಇಂಗ್ಲೆಂಡಿನ ಪೇಟೆಯನ್ನು ಕಾಲೇಜು ತೆರೆಯಲಿಲ್ಲ.

ಆದರೆ ಸಹಕಾರಿ ಡೈರಿಯ ಕರಾರನ್ನು ಮತ್ತೊಮ್ಮೆ ನೋಡಬೇಕು. ನೆರೆಯವನ ಸಾಲಕ್ಕೆ ತನ್ನ ಹೊಲವನ್ನು ಜಾಮೀನಿಡಬೇಕು. ಅವನು ಹಾಲಿಗೆ ನೀರು ಬೆರೆಸುವುದಿಲ್ಲವೆಂದು ನಂಬಬೇಕು. ತನಗಿಂತ ಚಿಕ್ಕವನು ಅಧ್ಯಕ್ಷನಾದರೆ ಅವನ ಮಾತು ಕೇಳಬೇಕು. ತಾನೇ ಅಧ್ಯಕ್ಷನಾದರೆ ಲೆಕ್ಕವನ್ನು ಎಲ್ಲರೆದುರು ಬಿಚ್ಚಿಡಬೇಕು. ಎದ್ದು ನಿಂತು ಮಾತನಾಡಬೇಕು. ಸೋತ ಪಕ್ಷದವರು ಮನಸ್ತಾಪವಿಲ್ಲದೆ ಮನೆಗೆ ಹೋಗುವಂತೆ ಸಭೆಯನ್ನು ನಡೆಸಬೇಕು. ಇವು ಯಂತ್ರದೊಂದಿಗೆ ಪೆಟ್ಟಿಗೆಯಲ್ಲಿ ಬರುವ ಸಾಮಾನುಗಳಲ್ಲ. ಒಂದು ಚಳಿಗಾಲವೆಲ್ಲ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಹಾಡು ಹಾಡಿ, ಸಂಜೆಗಳಲ್ಲಿ ವಾದಮಾಡಿ ಮತ್ತೆ ಒಟ್ಟಿಗೆ ಉಂಡವರಿಗೆ ಇವು ಕೊಂಚ ಸುಲಭವಾಗಿ ಬಂದಿರಬೇಕು. ಡೈರಿಗಳ ಆಡಳಿತ ಮಂಡಲಿಗಳಲ್ಲಿ ಜನತಾ ಕಾಲೇಜಿನಿಂದ ಮರಳಿದವರು ಬಹುಮಂದಿ ಇದ್ದರೆಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಕೋಲ್ಡ್ ಬಿತ್ತಿದ ಕಾಳು ಮೊಳೆತದ್ದು ಇಲ್ಲಿ.

ಗಾಳಿಯನ್ನು ಪಳಗಿಸಿದ ಉಪಾಧ್ಯಾಯ

ಅಸ್ಕೋವ್ ಕಾಲೇಜಿಗೆ 1878ರಲ್ಲಿ ಹೊಸ ಉಪಾಧ್ಯಾಯನೊಬ್ಬ ಬಂದ. ಹೆಸರು ಪೌಲ್ ಲ ಕೂರ್, ವಯಸ್ಸು ಮೂವತ್ತೆರಡು. ರಾಜಧಾನಿಯಲ್ಲಿ ಹವಾಮಾನ ಸಂಸ್ಥೆಯ ಉಪನಿರ್ದೇಶಕನಾಗಿದ್ದವನು. ತಂತಿ ವಾರ್ತೆಯ ಯಂತ್ರಗಳಲ್ಲಿ ಹೊಸ ಶೋಧನೆ ಮಾಡಿ ವಿದೇಶಗಳಲ್ಲಿಯೂ ಹೆಸರು ಗಳಿಸಿದ್ದವನು. ಅಂಥವನು ಕೀರ್ತಿಯ ದಾರಿಯನ್ನು ಬಿಟ್ಟು, ಪದವಿ ಕೊಡದ ಹಳ್ಳಿಯ ಕಾಲೇಜಿನಲ್ಲಿ ರೈತರ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಲು ಬಂದದ್ದು ಎಷ್ಟೋ ಜನರಿಗೆ ವಿಚಿತ್ರವಾಗಿ ಕಂಡಿರಬೇಕು. ಆತನಾದರೋ ಗಣಿತವನ್ನೂ ಕಥೆಯಂತೆ ಹೇಳಿದ: ಯಾವ ಕಾಲದ ಯಾವ ಮನುಷ್ಯನಿಗೆ ಯಾವ ತೊಡಕು ಎದುರಾಗಿ ಈ ಸೂತ್ರ ಹುಟ್ಟಿತೆಂದು ಅದರ ಚರಿತ್ರೆಯಿಂದಲೇ ಆರಂಭಿಸಿದ.

ನಗರಗಳಿಗೆ ಆಗತಾನೆ ವಿದ್ಯುತ್ತು ಬರುತ್ತಿದ್ದ ಕಾಲವದು. ದೊಡ್ಡ ಉಗಿಯಂತ್ರ, ಅದಕ್ಕೆ ಹೊರದೇಶದ ಕಲ್ಲಿದ್ದಲು. ಹಳ್ಳಿಗೆ ಇದು ಎಟುಕುವಂತಿರಲಿಲ್ಲ. ಬೆಳಕೂ ಶಕ್ತಿಯೂ ಪಟ್ಟಣದಲ್ಲೇ ನಿಂತರೆ ಹಳ್ಳಿಯ ತರುಣರೂ ಅಲ್ಲಿಗೇ ಹರಿದುಹೋಗುವರೆಂಬ ಆತಂಕ ಲ ಕೂರ್‌ನಿಗಿತ್ತು. ಕಲ್ಲಿದ್ದಲಿಲ್ಲದ ಡೆನ್ಮಾರ್ಕಿನಲ್ಲಿ ಯಥೇಚ್ಛವಾಗಿ ಇದ್ದುದು ಒಂದೇ: ಸಮುದ್ರದ ಕಡೆಯಿಂದ ಬೀಸುವ ಗಾಳಿ. 1891ರಲ್ಲಿ ಸರಕಾರದ ಧನಸಹಾಯ ಪಡೆದು ಆತ ಅಸ್ಕೋವ್‌ನಲ್ಲಿ ಪ್ರಯೋಗಕ್ಕಾಗಿ ಒಂದು ಗಾಳಿಗಿರಣಿಯನ್ನು ಕಟ್ಟಿ, ಅದರಿಂದ ವಿದ್ಯುತ್ತು ತೆಗೆದ.

ಗಾಳಿಯ ದೊಡ್ಡ ದೋಷ ಎಲ್ಲರಿಗೂ ಗೊತ್ತು; ಬೇಕೆಂದಾಗ ಅದು ಬೀಸುವುದಿಲ್ಲ. ಬೀಸುವಾಗ ಸಿಕ್ಕುವ ಶಕ್ತಿಯನ್ನು ಕೂಡಿಡುವುದು ಹೇಗೆ? ಲ ಕೂರ್ ಆ ವಿದ್ಯುತ್ತನ್ನು ನೀರಿನೊಳಗೆ ಹಾಯಿಸಿ, ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದು, ಆ ಅನಿಲಗಳನ್ನು ತೊಟ್ಟಿಗಳಲ್ಲಿ ತುಂಬಿಟ್ಟ. 1895ರಿಂದ 1902ರವರೆಗೆ ಅಸ್ಕೋವ್ ಕಾಲೇಜಿನ ದೀಪಗಳು ಉರಿದದ್ದು ಈ ಅನಿಲದಿಂದಲೇ. ಜಲಜನಕದಲ್ಲಿ ಆಮ್ಲಜನಕ ಕೊಂಚ ಬೆರೆತರೂ ಸಿಡಿಯುತ್ತದೆ. ಹಾಗೆ ಸಿಡಿದು ಕಾಲೇಜಿನ ಕಿಟಕಿ ಗಾಜುಗಳು ಹಲವು ಸಲ ಪುಡಿಯಾದವು. ಗಾಜು ಹಾಕಿಸಿ ಮತ್ತೆ ಪ್ರಯೋಗ ನಡೆಯುತ್ತಿತ್ತು! ಗಾಳಿಯನ್ನು ಕೊಳವೆಯೊಳಗೆ ಹಾಯಿಸಿ ರೆಕ್ಕೆಗಳ ಆಕಾರವನ್ನು ಪರೀಕ್ಷಿಸಿದ ಆತ, ಹೆಚ್ಚು ರೆಕ್ಕೆಗಳು ನಿಧಾನವಾಗಿ ತಿರುಗುವುದಕ್ಕಿಂತ ಕೆಲವೇ ರೆಕ್ಕೆಗಳು ವೇಗವಾಗಿ ತಿರುಗುವುದು ಲಾಭಕರವೆಂದು ತೋರಿಸಿಕೊಟ್ಟ. ಇಂದು ಚಿತ್ರದುರ್ಗದ ಗುಡ್ಡಗಳ ಮೇಲೆ ಮೂರೇ ರೆಕ್ಕೆಯ ಯಂತ್ರ ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುವ ಮಗುವಿನ ಕಣ್ಣೆದುರಿಗಿರುವುದು ಅದೇ ತತ್ತ್ವ.

ಇಷ್ಟಕ್ಕೇ ನಿಂತಿದ್ದರೆ ಲ ಕೂರ್ ಒಬ್ಬ ದೊಡ್ಡ ವಿಜ್ಞಾನಿ ಎನಿಸಿಕೊಳ್ಳುತ್ತಿದ್ದ, ಅಷ್ಟೆ. ಆತ ಕಾಲೇಜಿನ ಉಪಾಧ್ಯಾಯನೂ ಆಗಿದ್ದ. ಯಂತ್ರವನ್ನು ಹಳ್ಳಿಗೆ ಕೊಟ್ಟು ಅದನ್ನು ಬಲ್ಲವನನ್ನು ಕೊಡದಿದ್ದರೆ, ಮೊದಲ ಸಲ ಕೆಟ್ಟಾಗಲೇ ಅದು ಮೂಲೆ ಸೇರುತ್ತದೆಂಬುದು ಅವನಿಗೆ ತಿಳಿದಿತ್ತು. 1903ರಲ್ಲಿ ಗಾಳಿವಿದ್ಯುತ್ತಿನ ಸಂಘವೊಂದನ್ನು ಸ್ಥಾಪಿಸಿ, ಮರುವರ್ಷದಿಂದ ಅಸ್ಕೋವ್‌ನಲ್ಲಿ ಹಳ್ಳಿಯ ತರುಣರಿಗೆ ವಿದ್ಯುತ್ ಕೆಲಸದ ತರಬೇತಿ ಆರಂಭಿಸಿದ. ಕಲಿತವರು ತಮ್ಮ ತಮ್ಮ ಪ್ರಾಂತಗಳಿಗೆ ಹೋಗಿ ಸಣ್ಣಸಣ್ಣ ವಿದ್ಯುದಾಗಾರಗಳನ್ನು ಕಟ್ಟಿದರು, ನಡೆಸಿದರು. 1908ರಲ್ಲಿ ಲ ಕೂರ್ ತೀರಿಕೊಂಡ, ಕೆಲಸ ನಿಲ್ಲಲಿಲ್ಲ. 1918ರ ಹೊತ್ತಿಗೆ ಡೆನ್ಮಾರ್ಕಿನ ಸುಮಾರು 120 ಸ್ಥಳೀಯ ವಿದ್ಯುದಾಗಾರಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

ಐವತ್ತು ವರ್ಷಗಳ ಬಳಿಕ

ಮುಂದೆ ಅಗ್ಗದ ಎಣ್ಣೆಯ ಕಾಲ ಬಂದಿತು. ದೊಡ್ಡ ವಿದ್ಯುದಾಗಾರಗಳ ತಂತಿಗಳು ಹಳ್ಳಿಗಳನ್ನೂ ಮುಟ್ಟಿದವು. ಗಾಳಿಯಂತ್ರಗಳು ಒಂದೊಂದಾಗಿ ನಿಂತವು. ಲ ಕೂರ್‌ನ ಶ್ರಮವೆಲ್ಲ ವ್ಯರ್ಥವಾಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಆದರೆ 1904ರ ತರಬೇತಿಗೆ ಬಂದ ಹುಡುಗರಲ್ಲಿ ಹದಿನೇಳರ ಪ್ರಾಯದ ಯೋಹಾನೆಸ್ ಯೂಲ್ ಎಂಬವನಿದ್ದ. ಜೀವಮಾನವೆಲ್ಲ ವಿದ್ಯುತ್ ಕೆಲಸದಲ್ಲಿ ಕಳೆದ ಆತ, ಎಪ್ಪತ್ತನ್ನು ಮುಟ್ಟುವಾಗ, ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಯ 200 ಕಿಲೋವಾಟಿನ ಯಂತ್ರವನ್ನು ನಿಲ್ಲಿಸಿದ. 1957ರಿಂದ ಹತ್ತು ವರ್ಷ ಅದು ಹೆಚ್ಚಿನ ದುರಸ್ತಿಯಿಲ್ಲದೆ ನಡೆಯಿತು. 1973ರಲ್ಲಿ ಎಣ್ಣೆಯ ಬೆಲೆ ಗಗನಕ್ಕೇರಿದಾಗ ಜಗತ್ತಿನ ಇಂಜಿನಿಯರುಗಳು ನಿಂತುಹೋಗಿದ್ದ ಆ ಯಂತ್ರವನ್ನು ಹುಡುಕಿಕೊಂಡು ಬಂದರು. ಜುಟ್ಲೆಂಡಿನ ಹಳ್ಳಿಗಳಲ್ಲಿ ಬಡಗಿಗಳು, ಕಮ್ಮಾರರು ಮತ್ತೆ ಗಾಳಿಯಂತ್ರ ಕಟ್ಟತೊಡಗಿದರು. ಇಂದು ಲೋಕಪ್ರಸಿದ್ಧವಾದ ವೆಸ್ಟಾಸ್ ಕಂಪನಿಯ ಮೂಲವೂ ಲೆಮ್ ಎಂಬ ಹಳ್ಳಿಯ ಕಮ್ಮಾರಸಾಲೆಯೇ. 2020ರ ದಶಕದಲ್ಲಿ ಡೆನ್ಮಾರ್ಕ್ ಬಳಸುವ ವಿದ್ಯುತ್ತಿನ ಅರ್ಧದಷ್ಟು ಗಾಳಿಯಿಂದ ಬರುತ್ತಿದೆ. ಹಳ್ಳಿಯ ಕಾಲೇಜೊಂದರ ಮೂರು ತಿಂಗಳ ಪಾಠ ಐವತ್ತು, ಎಪ್ಪತ್ತು ವರ್ಷಗಳ ಬಳಿಕ ಫಲ ಕೊಟ್ಟ ರೀತಿ ಇದು.

ಈ ಬೀಜ ಕಡಲನ್ನೂ ದಾಟಿತು. ಅಮೆರಿಕಕ್ಕೆ ವಲಸೆ ಹೋದ ಡೇನರು ಅಯೋವ ರಾಜ್ಯದ ಎಲ್ಕ್ ಹಾರ್ನ್ ಎಂಬ ಹಳ್ಳಿಯಲ್ಲಿ 1878ರಲ್ಲೇ ಜನತಾ ಕಾಲೇಜು ತೆರೆದಿದ್ದರು. ಅದು ಈಗಿಲ್ಲ. ಆದರೆ ಅಮೆರಿಕನ್ನರು ತಮ್ಮದೇ ದಾರಿಯಲ್ಲಿ, 1901ರಲ್ಲಿ ಜೋಲಿಯೆಟ್ ಎಂಬ ಊರಿನಿಂದ ಆರಂಭಿಸಿ, ಊರಿನವರಿಗೆ ಊರಿನ ಹತ್ತಿರವೇ ಎರಡು ವರ್ಷದ ವಿದ್ಯೆ ಕೊಡುವ ಕಾಲೇಜುಗಳನ್ನು ಬೆಳೆಸಿದರು. ಅವೇ ಇಂದಿನ ಸಮುದಾಯ ಕಾಲೇಜುಗಳು. ಅದೇ ಅಯೋವದ ಜೋಳದ ಹೊಲಗಳ ನಡುವಿನ ಎಸ್ತರ್‌ವಿಲ್ ಊರಿನಲ್ಲಿ ಅಯೋವ ಲೇಕ್ಸ್ ಸಮುದಾಯ ಕಾಲೇಜು 2004ರಲ್ಲಿ ಗಾಳಿಯಂತ್ರಗಳ ತರಬೇತಿಯನ್ನು ಆರಂಭಿಸಿತು. ಕಾಲೇಜಿಗೆ ತನ್ನದೇ ಆದ ದೊಡ್ಡ ಗಾಳಿಯಂತ್ರವಿದೆ. ರೈತರ ಮಕ್ಕಳು ಅದರ ಕಂಬವನ್ನೇರಿ ಪಾಠ ಕಲಿಯುತ್ತಾರೆ. ಸುತ್ತಲಿನ ಹೊಲಗಳಲ್ಲಿ ಯಂತ್ರಗಳಿರುವುದರಿಂದ ಕೆಲಸ ಹುಡುಕಿ ದೂರದ ನಗರಕ್ಕೆ ಹೋಗಲೇಬೇಕೆಂಬ ಕಟ್ಟು ಅವರಿಗಿಲ್ಲ. ಅಸ್ಕೋವ್‌ನ ಉಪಾಧ್ಯಾಯ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದ.

ಕನ್ನಡ ನಾಡಿಗೂ ಈ ಬೀಜ ಬಂದಿತ್ತು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು ಡೆನ್ಮಾರ್ಕಿನ ಮಾದರಿಯನ್ನು ನೋಡಿ ರೈತ ತರುಣರಿಗಾಗಿ ‘ವಿದ್ಯಾಪೀಠ’ಗಳನ್ನು ತೆರೆದರು. ಅಲ್ಲಿಯೇ ವಾಸ, ಬೇಸಾಯ, ಕೈಕಸಬು, ಪೌರಜೀವನದ ಪಾಠ. ಉದ್ದೇಶ ಉದಾತ್ತವಾಗಿತ್ತು. ಆದರೂ ಆ ಬೀಜ ಇಲ್ಲಿ ಡೆನ್ಮಾರ್ಕಿನಂತೆ ಹೆಮ್ಮರವಾಗಲಿಲ್ಲ. ಕಾರಣ ಹುಡುಕುವಾಗ ಒಂದು ಮಾತನ್ನು ಮರೆಯಬಾರದು. ಡೆನ್ಮಾರ್ಕಿನ ಕಾಲೇಜುಗಳಿಗೆ ಬಂದವರಲ್ಲಿ ಬಹುಪಾಲು ಸ್ವಂತ ಹೊಲವಿದ್ದವರ ಮಕ್ಕಳು. ಕೂಲಿಯವರ ಮಕ್ಕಳು ಅಲ್ಲಿಯೂ ಕಡಮೆಯೇ. ಮರಳಿ ಹೋಗಲು ಅವರಿಗೊಂದು ಹೊಲವಿತ್ತು, ಹಸುವಿತ್ತು, ಹಾಲು ಹಾಕಲು ಡೈರಿಯಿತ್ತು, ಬೆಣ್ಣೆ ಕೊಳ್ಳಲು ಪೇಟೆಯಿತ್ತು. ಇವಾವುವೂ ಇಲ್ಲದ ಕಡೆ ಹುಡುಗನಿಗೆ ಊರಿನ ಮೇಲೆ ಪ್ರೀತಿಯನ್ನಷ್ಟೇ ಕಲಿಸಿ ಕಳುಹಿಸಿದರೆ, ಆತ ಆ ಪ್ರೀತಿಯನ್ನು ಹೊತ್ತುಕೊಂಡೇ ನಗರದ ಬಸ್ಸು ಹತ್ತುತ್ತಾನೆ. ಬಿತ್ತನೆಗೆ ಬೀಜ ಎಷ್ಟು ಮುಖ್ಯವೋ ಹದವಾದ ನೆಲವೂ ಅಷ್ಟೇ ಮುಖ್ಯ.

ಹಾಗೆಂದು ಹದವಾದ ನೆಲ ತಾನಾಗಿ ಸಿಕ್ಕುವವರೆಗೆ ಕಾಯುತ್ತ ಕೂಡಬೇಕೆಂದಲ್ಲ. ಯೆಡ್ಡಿಂಗ್ ಕೂಡ ಬಡಹಳ್ಳಿಯೇ; ಡೆನ್ಮಾರ್ಕ್ ಕೂಡ ಸೋತ ದೇಶವೇ. ಕಾಲೇಜು ಮತ್ತು ಡೈರಿ, ಪಾಠ ಮತ್ತು ಗಾಳಿಯಂತ್ರ ಅಲ್ಲಿ ಒಂದನ್ನೊಂದು ಎತ್ತಿ ಹಿಡಿದವು. ಹಳ್ಳಿಯ ಏಳಿಗೆಗೆ ಯೋಜನೆ ಹಾಕುವವರು ಕಟ್ಟಡ, ಯಂತ್ರ, ಸಾಲ ಇವುಗಳ ಲೆಕ್ಕವನ್ನು ತಪ್ಪದೆ ಬರೆಯುತ್ತಾರೆ. ನೆರೆಯವನನ್ನು ನಂಬಬಲ್ಲ, ಸಭೆಯಲ್ಲಿ ಎದ್ದು ಮಾತನಾಡಬಲ್ಲ, ಕೆಟ್ಟ ಯಂತ್ರವನ್ನು ಬಿಚ್ಚಿ ನೋಡಬಲ್ಲ ಹತ್ತು ಮಂದಿ ತರುಣರು ಆ ಊರಿನಲ್ಲಿ ಉಳಿದಿದ್ದಾರೆಯೇ ಎಂಬ ಲೆಕ್ಕವನ್ನು ಬರೆಯಲು ಮಾತ್ರ ಅವರ ಪುಸ್ತಕದಲ್ಲಿ ಕಾಲಮು ಇರುವುದಿಲ್ಲ. ಅದನ್ನು ಮೊದಲು ಬರೆದುಕೊಂಡ ದೇಶ ಡೆನ್ಮಾರ್ಕ್.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಜ್ಜನ ಊರಿಗೆ ಹೋಗುವ ಕುಟುಂಬಗಳು ಇನ್ನೂ ಇವೆ. ಹೆಸರಿನ ಮುಂದಿನ ಆ ಒಂದು ಅಕ್ಷರದ ಅರ್ಥವನ್ನು ಮಗುವಿಗೆ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಆ ಮಗು ಹಳ್ಳಿಗೇ ಮರಳಿ ಬದುಕಬೇಕೆಂದು ಯಾರೂ ಹಟಮಾಡಬೇಕಾಗಿಲ್ಲ. ಅಲ್ಲಿಯೇ ಬೆಳೆಯುತ್ತಿರುವ ಅದರ ಓರಗೆಯ ಹುಡುಗ, ಓದಿದ ಮೇಲೂ ಅಲ್ಲಿಯೇ ತಲೆಯೆತ್ತಿ ಬಾಳುವಂತಾದರೆ ಸಾಕು. ಮುಂದಿನ ಸಲ ಹೋದಾಗ ಆ ಮನೆಯ ತಂದೆಯ ಮುಖದಲ್ಲಿ ಹಿಗ್ಗು ಮಾತ್ರ ಇದ್ದೀತು.